ಅಗೆಯುವ ಮುಂಚೆ: ಹಾರೆ ಹಿಡಿದವರಿಗೆ ಏನು ಕಲಿಸಬೇಕು?

(ರಸ್ತೆ ಕೆಲಸದ ಗುತ್ತಿಗೆದಾರರು, ಸೈಟ್ ಎಂಜಿನಿಯರ್‌ಗಳು ಮತ್ತು ಸಿವಿಲ್ ವಿದ್ಯಾರ್ಥಿಗಳ ಮುಂದೆ ಬೆಂಗಳೂರಿನಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಗೆ ಬಂದ ಪ್ರಶ್ನೆಗಳನ್ನೂ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಪ್ರಶ್ನೆ. ಈ ಹಾಲ್‌ನಲ್ಲಿ ಕೂತಿರುವವರಲ್ಲಿ ಹಾರೆ ಹಿಡಿದು ರಸ್ತೆ ಅಗೆಯುವವರು ಯಾರಿದ್ದೀರಿ? ಜೆಸಿಬಿ ಓಡಿಸುವವರು? ಒಬ್ಬರೂ ಕೈ ಎತ್ತಲಿಲ್ಲ. ನನ್ನ ಮೊದಲ ತಕರಾರೇ ಇದು. ನೆಲದಡಿಯ ಕೇಬಲ್, ಪೈಪ್ ಬಗ್ಗೆ ತರಬೇತಿ ಅಂದರೆ ನಾವು ಎಸಿ ರೂಮಿನಲ್ಲಿ ಎಂಜಿನಿಯರ್‌ಗಳನ್ನು ಕೂರಿಸಿ ಸ್ಲೈಡ್ ತೋರಿಸುತ್ತೇವೆ. ಕೇಬಲ್‌ಗೆ ಹಾರೆ ತಗುಲುವ ಹೊತ್ತಿಗೆ ಆ ಎಂಜಿನಿಯರ್ ಅಲ್ಲಿರುವುದಿಲ್ಲ. ಅಲ್ಲಿರುವವನು ರಾಯಚೂರಿನಿಂದಲೋ ಯಾದಗಿರಿಯಿಂದಲೋ ಬಿಹಾರದಿಂದಲೋ ಕೂಲಿಗೆ ಬಂದವನು. ಬೆಳಿಗ್ಗೆ ಮೇಸ್ತ್ರಿ ಅವನಿಗೆ ಹೇಳಿದ್ದು ಇಷ್ಟೇ: "ಇಲ್ಲಿಂದ ಆ ಕಂಬದ ತನಕ. ಮೂರಡಿ ಆಳ. ಸಂಜೆಯೊಳಗೆ ಮುಗೀಬೇಕು."

ಆ ಮನುಷ್ಯನಿಗೆ ಏನು ಕಲಿಸಬೇಕು? ಕಲಿತದ್ದನ್ನು ಮಾಡಲು ನಾವು ಅವನಿಗೆ ಬಿಡುತ್ತೇವಾ? ಇವತ್ತು ಈ ಎರಡೇ ವಿಷಯ ಮಾತಾಡುತ್ತೇನೆ.

ಬೆಂಗಳೂರಿನ ಹಳೇ ಬೀದಿಯೊಂದರ ಕೆಳಗೆ ಏನೇನಿದೆ ನೋಡಿ. ಹೆಸರಘಟ್ಟದಿಂದ ಪೈಪಿನಲ್ಲಿ ನೀರು ಬಂದದ್ದು 1890ರ ದಶಕದಲ್ಲಿ. ಶಿವನಸಮುದ್ರದ ಕರೆಂಟು ಬಂದದ್ದು 1905ರಲ್ಲಿ. ಜಲಮಂಡಳಿ ಶುರುವಾದದ್ದು 1964ರಲ್ಲಿ. ಆಮೇಲೆ ಒಳಚರಂಡಿ, ಟೆಲಿಫೋನ್, ಒಎಫ್‌ಸಿ ಅಂದರೆ ಇಂಟರ್ನೆಟ್ ತರುವ ಆಪ್ಟಿಕಲ್ ಫೈಬರ್ ಕೇಬಲ್. ದಾಭೋಲ್‌ನಿಂದ ಗ್ಯಾಸ್ ಪೈಪ್‌ಲೈನ್ 2013ರಲ್ಲಿ ಬೆಂಗಳೂರು ಮುಟ್ಟಿತು. ಅದರ ಹಿಂದೆಯೇ ಬೀದಿ ಬೀದಿಗೂ ಅಡುಗೆ ಗ್ಯಾಸ್ ಪೈಪು ಬಂತು. ಒಬ್ಬರಾದ ಮೇಲೆ ಒಬ್ಬರು ಬಂದರು, ಜಾಗ ಸಿಕ್ಕ ಕಡೆ ಹೂತು ಹೋದರು. ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆಯಂಥ ಟೆಂಡರ್ ಶೂರ್ ರಸ್ತೆಗಳಲ್ಲಿ ಫುಟ್‌ಪಾತ್ ಕೆಳಗೆ ಒಂದೊಂದಕ್ಕೂ ಜಾಗ ಮಾಡಿ ಡಕ್ಟ್, ಅಂದರೆ ಕೇಬಲ್ ತೂರಿಸುವ ಕೊಳವೆ, ಕೊಟ್ಟಿದ್ದಾರೆ. ಉಳಿದ ಕಡೆ ಆ ಭಾಗ್ಯ ಇಲ್ಲ.

ಆಳಕ್ಕೂ ಒಂದು ನಿಯಮ ಇದೆ. ವಿದ್ಯುತ್ ಕೇಬಲ್ ಹೂಳುವ ಭಾರತೀಯ ಮಾನದಂಡ ಐಎಸ್ 1255. ಅದರ ಪ್ರಕಾರ ಮನೆ ಸಂಪರ್ಕದ ಮಟ್ಟದ ಕೇಬಲ್ 75 ಸೆಂಟಿಮೀಟರ್ ಕೆಳಗಿರಬೇಕು, 11 ಕೆವಿ (ಕಿಲೋವೋಲ್ಟ್) ಕೇಬಲ್ 90 ಸೆಂಟಿಮೀಟರ್, 33 ಕೆವಿ 105 ಸೆಂಟಿಮೀಟರ್. ಬೀದಿಯ ಗ್ಯಾಸ್ ಪೈಪಿಗೆ ಸುಮಾರು ಒಂದು ಮೀಟರ್. ತರಬೇತಿಯಲ್ಲಿ ಈ ಅಂಕಿಗಳನ್ನು ಬಾಯಿಪಾಠ ಮಾಡಿಸುವವರಿದ್ದಾರೆ. ನಾನು ಮಾಡಿಸಲ್ಲ. ಯಾಕೆ ಅಂದರೆ ಕೇಬಲ್ ಹೂತ ದಿನ ಇದ್ದ ನೆಲ ಇವತ್ತಿಲ್ಲ. ಟಾರಿನ ಮೇಲೆ ಟಾರು ಹಾಕಿ ಕೆಲವು ರಸ್ತೆ ಒಂದಡಿ ಮೇಲೆದ್ದಿದೆ. ವೈಟ್ ಟಾಪಿಂಗ್‌ಗೆ, ಅಂದರೆ ಕಾಂಕ್ರೀಟ್ ಹಾಸು ಹಾಕಲು ಅಂತ ಹಳೇ ರಸ್ತೆ ಕೆರೆದು ತೆಗೆದ ಕಡೆ ಅದೇ ಕೇಬಲ್ ಒಂದೂವರೆ ಅಡಿಗೇ ಸಿಗುತ್ತದೆ. ಚರಂಡಿ ಅಡ್ಡ ಬಂತು ಅಂತ ಅದರ ಮೇಲೆ ಹಾರಿಸಿ ತಂದ ಕೇಬಲ್‌ಗಳಿಗೆ ಲೆಕ್ಕವೇ ಇಲ್ಲ. "ಮೂರಡಿ ತನಕ ಏನೂ ಸಿಗಲ್ಲ" ಅಂತ ಒಬ್ಬನ ತಲೆಯಲ್ಲಿ ಕೂತರೆ ಅವನು ಮೊದಲ ಎರಡಡಿ ಕಣ್ಣು ಮುಚ್ಚಿಕೊಂಡು ಅಗೆಯುತ್ತಾನೆ. ಆ ಅಂಕಿ ಅವನಿಗೆ ಗೊತ್ತಿಲ್ಲದಿದ್ದರೇ ವಾಸಿ.

ಈಗ ಮೆಷಿನ್ ವಿಷಯಕ್ಕೆ ಬರ್ತೀನಿ. ಎಲ್ಲರಿಗೂ ಇಷ್ಟವಾದ ವಿಷಯ ಅದು, ಕೊಂಡುಕೊಂಡರೆ ಫೋಟೋ ತೆಗೆಸಿಕೊಳ್ಳಬಹುದು.

ಹೆಚ್ಚು ಬಳಕೆಯಲ್ಲಿರುವುದು ಕೇಬಲ್ ಲೊಕೇಟರ್. ಉದ್ದನೆಯ ಪಟ್ಟಿ, ಮೇಲೊಂದು ಹಿಡಿ, ಕೇಬಲ್ ಸಿಕ್ಕರೆ ಕೂಗುತ್ತದೆ. ಅದರಲ್ಲಿ ಮೂರು ಮೋಡ್ ಇರುತ್ತವೆ. ಪವರ್ ಮೋಡ್ ಹರಿಯುತ್ತಿರುವ ಕರೆಂಟಿನ 50 ಹರ್ಟ್ಸ್ ಸದ್ದು ಹುಡುಕುತ್ತದೆ. ರೇಡಿಯೋ ಮೋಡ್, ದೂರದ ರೇಡಿಯೋ ತರಂಗಗಳು ಉದ್ದನೆಯ ಲೋಹಕ್ಕೆ ಹತ್ತಿ ಮತ್ತೆ ಹೊರಬರುವುದನ್ನು ಹಿಡಿಯುತ್ತದೆ. ಮೂರನೆಯದಕ್ಕೆ ಜನರೇಟರ್ ಅಂತ ಇನ್ನೊಂದು ಪೆಟ್ಟಿಗೆ ಬೇಕು. ಅದರಿಂದ ಕೇಬಲ್‌ಗೋ ಪೈಪಿಗೋ ನಾವೇ ಒಂದು ಸಿಗ್ನಲ್ ಕೊಡುತ್ತೇವೆ, ಲೊಕೇಟರ್ ಅದನ್ನು ಹಿಂಬಾಲಿಸುತ್ತದೆ. ಮೂರರಲ್ಲಿ ಇದೇ ಹೆಚ್ಚು ನಂಬಿಕಸ್ಥ. ಆದರೆ ಸೈಟಿಗೆ ಹೋಗಿ ನೋಡಿ, ಲೊಕೇಟರ್ ಕೈಯಲ್ಲಿರುತ್ತದೆ, ಜನರೇಟರ್ ಗೋಡೌನ್‌ನಲ್ಲಿ ಧೂಳು ತಿನ್ನುತ್ತಿರುತ್ತದೆ.

ನಾನು ತರಬೇತಿಯಲ್ಲಿ ಯಾವಾಗಲೂ ಒಂದು ಪ್ರಯೋಗ ಮಾಡಿಸುತ್ತೇನೆ. ಮಧ್ಯಾಹ್ನ ಹನ್ನೆರಡಕ್ಕೆ ಎಲ್ಲರನ್ನೂ ಬೀದಿದೀಪದ ಎರಡು ಕಂಬಗಳ ಮಧ್ಯೆ ನಿಲ್ಲಿಸುತ್ತೇನೆ. ಕೇಬಲ್ ಇದೆ ಅಂತ ಎಲ್ಲರಿಗೂ ಗೊತ್ತು, ಕಂಬಕ್ಕೆ ಕರೆಂಟು ಆಕಾಶದಿಂದ ಬರಲ್ಲ ಅಲ್ವಾ? "ಪವರ್ ಮೋಡ್‌ನಲ್ಲಿ ಹುಡುಕಿ" ಅನ್ನುತ್ತೇನೆ. ಹುಡುಕುತ್ತಾರೆ. ಮೆಷಿನ್ ಸುಮ್ಮನಿರುತ್ತದೆ. ಬ್ಯಾಟರಿ ಇಲ್ಲ ಅಂತಾರೆ, ಕೆಟ್ಟಿದೆ ಅಂತಾರೆ. ಕೆಟ್ಟಿರಲ್ಲ. ಹಗಲಿನಲ್ಲಿ ದೀಪ ಆರಿದೆ, ಕೇಬಲ್‌ನಲ್ಲಿ ಕರೆಂಟು ಹರಿಯುತ್ತಿಲ್ಲ. ಹರಿಯದಿದ್ದರೆ ಪವರ್ ಮೋಡ್‌ಗೆ ಕೇಳುವುದಕ್ಕೆ ಸದ್ದೇ ಇಲ್ಲ. ಅದೇ ಜಾಗಕ್ಕೆ ಸಂಜೆ ಏಳಕ್ಕೆ ಕರೆದುಕೊಂಡು ಹೋಗುತ್ತೇನೆ. ದೀಪ ಹತ್ತಿರುತ್ತದೆ, ಮೆಷಿನ್ ಕೂಗುತ್ತದೆ. ಆವಾಗ ಅವರ ಮುಖ ನೋಡಬೇಕು. ಯಾವ ಸ್ಲೈಡೂ ಆ ಕೆಲಸ ಮಾಡಲ್ಲ.

ಕೆಲವು ಕೇಬಲ್‌ಗೆ ಇನ್ನೂ ಒಂದು ಗುಣ ಇದೆ. ಸಪ್ಲೈ ಇರುತ್ತದೆ, ಆ ಕಡೆ ಯಾರೂ ಬಳಸುತ್ತಿರುವುದಿಲ್ಲ. ಖಾಲಿ ಸೈಟಿಗೆ ಎಳೆದಿಟ್ಟ ಲೈನ್, ಬೀಗ ಹಾಕಿದ ಅಂಗಡಿಯ ಲೈನ್ ಇಂಥವು. ಮೆಷಿನ್‌ಗೆ ಅದು ಕೇಳಲ್ಲ. ಹಾರೆ ತಾಗಿದರೆ ಮಾತ್ರ ಬಿಡಲ್ಲ. ಹೀಗಾಗಿ ಕೂಲಿಯವರಿಂದ ಹಿಡಿದು ಎಂಜಿನಿಯರ್ ತನಕ ಒಂದು ಮಾತನ್ನು ತಲೆಗೆ ಹತ್ತಿಸಬೇಕು. ಮೆಷಿನ್ ಕೂಗಿದರೆ ಕೆಳಗೆ ಏನೋ ಇದೆ. ಕೂಗದಿದ್ದರೆ ಏನೂ ಗೊತ್ತಾಗಿಲ್ಲ ಅಂತ ಮಾತ್ರ. ಏನೂ ಇಲ್ಲ ಅಂತಲ್ಲ.

ಬಳಸುವ ರೀತಿಯೂ ಮುಖ್ಯ. ಪೊರಕೆ ಬೀಸಿದ ಹಾಗೆ ಬೀಸಿದರೆ ಪಟ್ಟಿಯ ತುದಿ ನೆಲದಿಂದ ಮೇಲೇಳುತ್ತದೆ, ಸಣ್ಣ ಸಿಗ್ನಲ್ ತಪ್ಪಿಹೋಗುತ್ತದೆ. ನೆಟ್ಟಗೆ ಹಿಡಿದು, ನೆಲಕ್ಕೆ ಹತ್ತಿರ ಇಟ್ಟುಕೊಂಡು, ನಿಧಾನವಾಗಿ ನಡೆಯಬೇಕು. ಒಂದು ದಿಕ್ಕಿನಲ್ಲಿ ನಡೆದರೆ ಸಾಲದು. ಪಟ್ಟಿಯ ನೇರಕ್ಕೇ ಹೋಗುವ ಕೇಬಲ್ ಅದಕ್ಕೆ ಕಾಣಿಸದೇ ಹೋಗಬಹುದು. ಆದ್ದರಿಂದ ಉದ್ದಕ್ಕೂ ನಡೆಯಬೇಕು, ಅಡ್ಡಕ್ಕೂ ನಡೆಯಬೇಕು. ಮಧ್ಯೆ ಕಾರು ನಿಂತಿದ್ದರೆ ಅದರ ಕೆಳಗಿನ ನೆಲ ನೋಡಿಲ್ಲ ಅಂತಲೇ ಲೆಕ್ಕ.

ಪ್ಲಾಸ್ಟಿಕ್ ಪೈಪನ್ನು ಲೊಕೇಟರ್ ಹಿಡಿಯಲ್ಲ. ಬೀದಿಯ ಗ್ಯಾಸ್ ಪೈಪು ಪ್ಲಾಸ್ಟಿಕ್, ಈಚಿನ ನೀರಿನ ಪೈಪುಗಳಲ್ಲೂ ತುಂಬಾ ಪ್ಲಾಸ್ಟಿಕ್, ಒಎಫ್‌ಸಿಯ ಡಕ್ಟೂ ಪ್ಲಾಸ್ಟಿಕ್, ಒಳಗಿರುವುದು ಗಾಜು. ಇವಕ್ಕೆ ನೆಲದೊಳಗೆ ತರಂಗ ಕಳಿಸಿ ನೋಡುವ ಗ್ರೌಂಡ್ ಪೆನಿಟ್ರೇಟಿಂಗ್ ರೇಡಾರ್ ಇದೆ ಅಂತೀರಿ. ಇದೆ, ಒಳ್ಳೆಯದೇ. ಆದರೆ ರೇಡಾರ್‌ಗೆ ಒಣ ಮರಳು ಅಂದರೆ ಪ್ರೀತಿ, ಒದ್ದೆ ಜೇಡಿ ಅಂದರೆ ಆಗಲ್ಲ. ನಮ್ಮ ಊರಿನ ಎಷ್ಟೋ ಜಾಗ ಹಳೇ ಕೆರೆ ಅಂಗಳ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದೇ ಧರ್ಮಾಂಬುಧಿ ಕೆರೆಯ ಜಾಗದಲ್ಲಿ. ಇಂಥ ಜೇಡಿ ನೆಲದಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ರೇಡಾರ್ ಕೆಳಗಿಳಿಯುವ ಮೊದಲೇ ಸುಸ್ತಾಗುತ್ತದೆ.

ಹಾಗಾದರೆ ಕೊನೆಗೆ ನಂಬಬೇಕಾದ್ದು ಯಾವುದನ್ನು? ಕೈಯನ್ನು, ಕಣ್ಣನ್ನು. ಟ್ರಯಲ್ ಪಿಟ್ ತೆಗೆಯುವುದು, ಅಂದರೆ ಜೆಸಿಬಿ ಬರುವ ಮುಂಚೆ ಅಲ್ಲಲ್ಲಿ ಕೈಯಿಂದ ಸಣ್ಣ ಗುಂಡಿ ತೋಡಿ ನೋಡುವುದು. ಇದು ನಮ್ಮ ಕೂಲಿಯವರು ನಮಗಿಂತ ಚೆನ್ನಾಗಿ ಮಾಡುವ ಕೆಲಸ. ಮಣ್ಣು ಓದುವುದು ಅವರಿಗೆ ಗೊತ್ತು. ಏನನ್ನು ಓದಬೇಕು ಅಂತ ಯಾರೂ ಹೇಳಿರುವುದಿಲ್ಲ ಅಷ್ಟೆ.

ಬೆಂಗಳೂರಿನ ಹಳೇ ನೆಲ ಕೆಂಪು, ಗಟ್ಟಿ, ಒಂದೇ ಸಮ. ಒಮ್ಮೆ ಅಗೆದು ಮುಚ್ಚಿದ ಮಣ್ಣು ಹಾಗಿರಲ್ಲ. ಸಡಿಲ ಇರುತ್ತದೆ, ಬಣ್ಣ ಕಲಸಿರುತ್ತದೆ, ಜಲ್ಲಿ ಚೂರು, ಟಾರಿನ ಹೆಂಟೆ, ಗುಟ್ಕಾ ಪ್ಯಾಕೆಟ್ ಎಲ್ಲ ಸಿಗುತ್ತದೆ. ಎರಡಡಿ ಕೆಳಗೆ ಗುಟ್ಕಾ ಪ್ಯಾಕೆಟ್ ಸಿಕ್ಕಿದರೆ ನಿಮಗಿಂತ ಮುಂಚೆ ಯಾರೋ ಅಲ್ಲಿಗೆ ಬಂದು ಹೋಗಿದ್ದಾರೆ. ಸಾಲಾಗಿ ಜೋಡಿಸಿದ ಇಟ್ಟಿಗೆ ಅಥವಾ ಕಲ್ಲು ಹಲಗೆ ಬಂದರೆ ಅದು ಕೇಬಲ್‌ನ ಮುಚ್ಚಳ. ಅಕ್ಷರ ಇರುವ ಪ್ಲಾಸ್ಟಿಕ್ ಟೇಪು ಬಂದರೆ ಒಂದಡಿ ಕೆಳಗೆ ಪೈಪು ಕಾಯುತ್ತಿದೆ. ಮತ್ತೆ ಎಲ್ಲಕ್ಕಿಂತ ದೊಡ್ಡ ಗುರುತು ಮರಳು. ಕೇಬಲ್ ಹಾಕುವಾಗ ಕೆಳಗೂ ಮೇಲೂ ಮರಳಿನ ಹಾಸು ಹಾಕುತ್ತಾರೆ. ಬೆಂಗಳೂರಿನ ನೆಲದಲ್ಲಿ ಎರಡಡಿ ಕೆಳಗೆ ತಾನಾಗಿ ಮರಳು ಬರುವುದಿಲ್ಲ. ಬಂದರೆ ಯಾರೋ ತಂದು ಹಾಕಿದ್ದು.

ಒಂದು ಸೈಟಿನಲ್ಲಿ ಈ ಪಾಠ ಮುಗಿಸಿ ಚಹಾ ಕುಡಿಯುತ್ತಿದ್ದೆವು. ಯಾದಗಿರಿ ಕಡೆಯ ಹುಡುಗ ಒಬ್ಬ ಗುಂಡಿಯೊಳಗಿಂದಲೇ ಕೂಗಿದ: "ಸಾಹೇಬ್ರ, ಉಸುಕು ಬಂತ್ರೀ!" ಹೋಗಿ ನೋಡಿದರೆ ಹಿಡಿಯಷ್ಟು ಮರಳು, ಅಷ್ಟೇ. ಸಲಿಕೆ ಪಕ್ಕಕ್ಕಿಟ್ಟು ಕೈಯಲ್ಲಿ ಬಿಡಿಸಿದೆವು. ಗೇಣು ಆಳದಲ್ಲಿ 11 ಕೆವಿ ಕೇಬಲ್ ಮಲಗಿತ್ತು. ನಕ್ಷೆಯಲ್ಲಿ ಅದು ರಸ್ತೆಯ ಆ ಬದಿ ಇತ್ತು.

ಒಂದು ಎಚ್ಚರಿಕೆ ಇಲ್ಲಿ ಸೇರಿಸಬೇಕು. ಈಗೀಗ ಕೇಬಲ್‌ಗಳನ್ನು ರಸ್ತೆ ಅಗೆಯದೆ, ಎಚ್‌ಡಿಡಿ ಮೆಷಿನ್‌ನಿಂದ ಅಡ್ಡಕ್ಕೆ ಕೊರೆದು ಎಳೆಯುತ್ತಾರೆ. ಟ್ರಾಫಿಕ್‌ಗೆ ಒಳ್ಳೆಯದು. ಆದರೆ ಹಾಗೆ ಎಳೆದ ಕೇಬಲ್‌ನ ಮೇಲೆ ಮರಳಿಲ್ಲ, ಇಟ್ಟಿಗೆ ಇಲ್ಲ, ಟೇಪೂ ಇಲ್ಲ. ಹಳೇ ಗಟ್ಟಿ ಮಣ್ಣು ಹಾಗೇ ಇರುತ್ತದೆ. ಹೊರಡುವ ಮತ್ತು ಬಂದು ಸೇರುವ ಗುಂಡಿಗಳ ಹತ್ತಿರ ಅದು ಮೇಲೆ ಬರುತ್ತದೆ, ನಡುವೆ ಬಾಗಿ ಆಳಕ್ಕೆ ಇಳಿಯುತ್ತದೆ. ಈ ಒಂದು ಕಡೆ ಮಣ್ಣು ಓದುವ ವಿದ್ಯೆ ಕೈ ಕೊಡುತ್ತದೆ. ಇಲ್ಲಿ ಸುತ್ತಲಿನ ಚೇಂಬರ್‌ಗಳ ಮುಚ್ಚಳ ತೆಗೆಸಿ, ಒಳಗಿನ ಡಕ್ಟ್ ಯಾವ ಕಡೆ ಮುಖ ಮಾಡಿದೆ ಅಂತ ನೋಡಲೇಬೇಕು. ಜನರೇಟರ್ ಪೆಟ್ಟಿಗೆಯನ್ನು ಗೋಡೌನ್‌ನಿಂದ ತರಿಸಬೇಕಾದದ್ದೂ ಇಲ್ಲೇ.

ಹಾರೆಯ ವಿಷಯ. ನಮ್ಮ ಕೂಲಿಯವರ ಮೊದಲ ಸಾಮಾನು ಅದು. ತುದಿಯಿಂದ ಹಿಡಿಯ ತನಕ ಒಂದೇ ಕಬ್ಬಿಣ. ನೇರ ಕೆಳಕ್ಕೆ ಕುಟ್ಟುವುದು ಅದರ ಕೆಲಸ. ಕೇಬಲ್ ಇರುವ ನೆಲಕ್ಕೆ ಇದಕ್ಕಿಂತ ಕೆಟ್ಟ ಸಾಮಾನು ಬೇರೆ ಇಲ್ಲ. ಹಾಗಂತ ಹಾರೆ ಬೇಡವೇ ಬೇಡ ಅಂದರೆ ನಡೆಯಲ್ಲ, ಟಾರು ಎಬ್ಬಿಸುವುದು ಹೇಗೆ? ನಾನು ಹೇಳುವುದು ಇಷ್ಟು. ಮೇಲಿನ ಟಾರು, ಕಾಂಕ್ರೀಟು ಏಳುವ ತನಕ ಹಾರೆ, ಪಿಕಾಸಿ. ಮಣ್ಣು ಕಂಡ ಕೂಡಲೇ ಎರಡೂ ಗುಂಡಿಯಿಂದ ಆಚೆ. ಆಮೇಲೆ ಸಲಿಕೆ, ಅದೂ ಮರದ ಹಿಡಿ ಅಥವಾ ಇನ್ಸುಲೇಟೆಡ್ ಹಿಡಿಯದು. ಕೇಬಲ್ ಇದೆ ಅನ್ನಿಸಿದ ಗೆರೆಯ ನೆತ್ತಿಯ ಮೇಲೆ ಅಗೆಯಬಾರದು. ಪಕ್ಕದಲ್ಲಿ ಇಳಿದು, ಅಡ್ಡಕ್ಕೆ ಮಣ್ಣು ಬಿಡಿಸುತ್ತಾ ಹತ್ತಿರ ಹೋಗಬೇಕು. ಕೇಬಲ್ ಇರುವ ಜಾಗ ಗೊತ್ತಾದ ಮೇಲೂ ಅದರ ಅರ್ಧ ಮೀಟರ್ ಒಳಗೆ ಜೆಸಿಬಿ ಬಕೆಟ್ ಬರಬಾರದು. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಈ ಅಂತರ 18ರಿಂದ 24 ಇಂಚು, ಅದು ಕಾನೂನು. ಜೆಸಿಬಿಯವನಿಗೆ ತನ್ನ ಬಕೆಟ್‌ನ ಹಲ್ಲು ಗುಂಡಿಯ ತಳದಲ್ಲಿ ಎಲ್ಲಿದೆ ಅಂತ ಸೀಟಿನಿಂದ ಕಾಣಲ್ಲ. ಗುಂಡಿಯ ಬದಿಯಲ್ಲಿ ನಿಂತು ಕೈ ತೋರಿಸುವವನೊಬ್ಬ ಬೇಕೇ ಬೇಕು. ಅವನಿಗೆ ಬೇರೆ ಕೆಲಸ ಹಚ್ಚಬೇಡಿ.

ಬಣ್ಣದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಗ್ಯಾಸ್ ಪೈಪು ಹಳದಿ, ಕಿತ್ತಳೆ ಎರಡೂ ಬರುತ್ತದೆ. ಒಎಫ್‌ಸಿ ಡಕ್ಟ್ ಹತ್ತು ಬಣ್ಣದಲ್ಲಿ ಬರುತ್ತದೆ, ಕಿತ್ತಳೆಯೂ ಒಂದು. ಕಿತ್ತಳೆ ಕಂಡ ತಕ್ಷಣ "ಇದು ಬರೀ ನೆಟ್ ಕೇಬಲ್" ಅಂತ ಕೊಯ್ಯಲು ಹೋದವರಿದ್ದಾರೆ. ಗ್ಯಾಸ್ ಪೈಪಿನ ಮೈಮೇಲೆ ಇಂಗ್ಲಿಷಿನಲ್ಲಿ ಗ್ಯಾಸ್ ಅಂತ ಮೂರು ಅಕ್ಷರ ಅಚ್ಚಾಗಿರುತ್ತದೆ. ಓದಲು ಬಾರದವರಿಗೂ ಆ ಮೂರು ಅಕ್ಷರದ ಆಕಾರ ಕಲಿಸಬಹುದು. ಪೈಪಿನ ತುಂಡೊಂದನ್ನು ಕೈಗೆ ಕೊಟ್ಟರೆ ಐದು ನಿಮಿಷದ ಕೆಲಸ. ಅಕ್ಷರ ಕಾಣಲಿಲ್ಲವಾ, ಒಡೆಯ ಯಾರು ಅಂತ ಗೊತ್ತಾಗುವ ತನಕ ಅದು ಗ್ಯಾಸ್ ಅಂತಲೇ ತಿಳಿಯಬೇಕು.

ಇಷ್ಟು ಕಲಿಸುವುದು ಕಷ್ಟವಲ್ಲ. ಎರಡು ದಿನ ಸಾಕು. ಕಷ್ಟ ಇರುವುದು ಬೇರೆ ಕಡೆ, ಇದನ್ನು ಕೇಳಿಸಿಕೊಳ್ಳಬೇಕಾದವರು ನೀವು.

ನಮ್ಮಲ್ಲಿ ಅಗೆತಕ್ಕೆ ದುಡ್ಡು ಮೀಟರ್ ಲೆಕ್ಕದಲ್ಲಿ. ಮೀಟರ್‌ಗೆ ಇಷ್ಟು ಅಂತ ಮೇಸ್ತ್ರಿಗೆ, ಅವನಿಂದ ಗುಂಪಿಗೆ. ಮರಳು ಕಂಡು ನಿಲ್ಲಿಸಿದವನಿಗೆ ಆ ಅರ್ಧ ದಿನ ಕೂಲಿ ಗಿಟ್ಟಲ್ಲ. "ನಿಲ್ಲಿಸು" ಅಂತ ಕಲಿಸಿ, ನಿಲ್ಲಿಸಿದ್ದಕ್ಕೆ ಸಂಬಳ ಕತ್ತರಿಸಿದರೆ ಅವನು ಏನು ಕಲಿಯುತ್ತಾನೆ? ಮುಂದಿನ ಸಲ ಮರಳು ಕಂಡರೂ ಕಾಣದ ಹಾಗೆ ಇರೋದನ್ನು ಕಲಿಯುತ್ತಾನೆ. ಹೊಟ್ಟೆಪಾಡು ಅಲ್ವಾ? ಅದಕ್ಕೆ ಗುತ್ತಿಗೆದಾರರಲ್ಲಿ ಕೇಳುತ್ತೇನೆ, ನಿಲ್ಲಿಸಿದ ಹೊತ್ತಿಗೆ ದಿನಗೂಲಿ ಕೊಡಿ. ಟೆಂಡರ್ ಬರೆಯುವ ಎಂಜಿನಿಯರ್‌ಗಳಲ್ಲಿ ಕೇಳುತ್ತೇನೆ, ಟ್ರಯಲ್ ಪಿಟ್‌ಗೆ ಬೇರೆ ಐಟಂ, ಬೇರೆ ರೇಟು ಹಾಕಿ. ಎಸ್ಟಿಮೇಟ್‌ನಲ್ಲಿ ಒಂದು ಸಾಲು ಇಲ್ಲದ ಕೆಲಸ ಸೈಟಿನಲ್ಲಿ ಆಗುತ್ತದೆ ಅಂತ ನಂಬಿಕೊಂಡು ಕೂರಬೇಡಿ.

ಇನ್ನೊಂದು, ತಗುಲಿದ್ದನ್ನು ಹೇಳಲು ಭಯ ಇರಬಾರದು. 2004ರ ಜುಲೈ 30ರಂದು ಬೆಲ್ಜಿಯಂನ ಘಿಸ್ಲೆಂಘಿಯನ್ ಅನ್ನುವ ಕಡೆ ಗ್ಯಾಸ್ ಪೈಪ್‌ಲೈನ್ ಸಿಡಿದು 24 ಜನ ಸತ್ತರು. ಆ ಪೈಪಿನ ಮೈಗೆ ಹತ್ತಿರದ ಕಟ್ಟಡ ಕೆಲಸದ ಯಂತ್ರವೊಂದು ಅದಕ್ಕೂ ಮುಂಚೆಯೇ ಗಾಯ ಮಾಡಿತ್ತು. ಅವತ್ತು ಏನೂ ಆಗಲಿಲ್ಲ. ಆಮೇಲೆ ಒಳಗಿನ ಒತ್ತಡ ಏರಿಸಿದಾಗ ಅದೇ ಜಾಗ ಬಾಯಿ ಬಿಟ್ಟಿತು. ಅಮೆರಿಕದ ಬೆಲ್ಲಿಂಗ್‌ಹ್ಯಾಮ್‌ನಲ್ಲೂ ಹಾಗೇ. 1994ರ ಕಟ್ಟಡ ಕೆಲಸದಲ್ಲಿ ಆದ ಗಾಯ, 1999ರಲ್ಲಿ ಪೆಟ್ರೋಲ್ ಪೈಪು ಒಡೆದು ಬೆಂಕಿ, ಮೂವರು ಹುಡುಗರ ಸಾವು. ಗೀರು ಬಿದ್ದ ದಿನ ಒಬ್ಬ ಬಾಯಿಬಿಟ್ಟಿದ್ದರೆ ಒಂದು ತುಂಡು ಪೈಪು ಬದಲಾಯಿಸಿ ಮುಗಿಯುತ್ತಿತ್ತು. ನಮ್ಮಲ್ಲಿ ಆಪರೇಟರ್ ಬಾಯಿಬಿಡಲ್ಲ. ಯಾಕೆ? ದಂಡ ಅವನ ಸಂಬಳದಿಂದ ಹೋಗುತ್ತದೆ. ಮಣ್ಣು ಎಳೆದು ಮುಚ್ಚಿಬಿಡುತ್ತಾನೆ. ಹೇಳಿದವನಿಗೆ ದಂಡ ಹಾಕಬೇಡಿ, ಮುಚ್ಚಿಟ್ಟವನಿಗೆ ಹಾಕಿ.

ಸರ್ಕಾರದ ಕಡೆಯಿಂದ ಒಂದು ಒಳ್ಳೆಯ ಕೆಲಸ ಆಗಿದೆ, ಅದನ್ನೂ ಹೇಳಬೇಕು. 'ಕಾಲ್ ಬಿಫೋರ್ ಯು ಡಿಗ್' ಆ್ಯಪ್ 2023ರ ಮಾರ್ಚ್ 22ರಂದು ಬಂತು. ಅಗೆಯುವ ಜಾಗವನ್ನು ಅದರಲ್ಲಿ ಹಾಕಿದರೆ ಅಲ್ಲಿ ಆಸ್ತಿ ಹೂತಿರುವ ಸಂಸ್ಥೆಗಳಿಗೆ ಮೆಸೇಜ್ ಹೋಗುತ್ತದೆ, ಫೋನ್ ಮಾಡಿ ಮಾತಾಡಲೂ ದಾರಿ ಇದೆ. ಹೇಗೆಂದರೆ ಹಾಗೆ ಅಗೆಯುವುದರಿಂದ ದೇಶಕ್ಕೆ ವರ್ಷಕ್ಕೆ ಸುಮಾರು 3,000 ಕೋಟಿ ರೂಪಾಯಿ ನಷ್ಟ ಅಂತ ಆವತ್ತು ಸರ್ಕಾರವೇ ಹೇಳಿತ್ತು. ಅಮೆರಿಕದಲ್ಲಿ 2007ರಿಂದ ಇದಕ್ಕೆ 811 ನಂಬರ್ ಇದೆ. ಅಲ್ಲಿ ಕರೆ ಮಾಡಿದರೆ ಸಂಸ್ಥೆಯವರು ಬಂದು ನೆಲದ ಮೇಲೆ ಬಣ್ಣದಲ್ಲಿ ಗೆರೆ ಎಳೆದು ಹೋಗುತ್ತಾರೆ. ವಿದ್ಯುತ್ತಿಗೆ ಕೆಂಪು, ಗ್ಯಾಸಿಗೆ ಹಳದಿ, ನೀರಿಗೆ ನೀಲಿ. ನನಗೆ ಅದರಲ್ಲಿ ಹೊಟ್ಟೆಕಿಚ್ಚು ಆಗುವುದು ಫೋನ್ ನಂಬರ್ ನೋಡಿ ಅಲ್ಲ, ಆ ಗೆರೆ ನೋಡಿ. ಆ್ಯಪ್‌ನ ಮೆಸೇಜ್ ಎಂಜಿನಿಯರ್ ಮೊಬೈಲ್‌ನಲ್ಲಿ ಉಳಿಯುತ್ತದೆ. ಗೆರೆ ಮಾತ್ರ ಹಾರೆ ಹಿಡಿದವನ ಕಾಲ ಬುಡದಲ್ಲೇ ಇರುತ್ತದೆ. ಆ್ಯಪ್‌ನಲ್ಲಿ ಉತ್ತರ ಬಂದ ಮೇಲೆ ಒಂದು ಸ್ಪ್ರೇ ಡಬ್ಬ ತಗೊಂಡು ನೀವೇ ಎಳೆಯಿರಿ. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಪ್ರಶ್ನೆಗಳು ಇದ್ದರೆ ಕೇಳಿ.

ವಿದ್ಯಾರ್ಥಿನಿಯೊಬ್ಬರು: "ಸರ್, ಅನುಮತಿ ಸಿಗೋದು ಹೆಚ್ಚಾಗಿ ರಾತ್ರಿ ಕೆಲಸಕ್ಕೆ. ಕತ್ತಲಲ್ಲಿ ಮಣ್ಣಿನ ಬಣ್ಣ ನೋಡೋದು ಹೇಗೆ?"

ಒಳ್ಳೆಯ ಪ್ರಶ್ನೆ. ನೋಡೋಕೆ ಆಗಲ್ಲಮ್ಮ. ಹ್ಯಾಲೊಜೆನ್ ಲೈಟಿನ ಕೆಳಗೆ ಎಲ್ಲ ಮಣ್ಣೂ ಒಂದೇ ಥರ. ಆದ್ದರಿಂದ ಟ್ರಯಲ್ ಪಿಟ್‌ಗೆ ಹಗಲಿನ ಎರಡು ಗಂಟೆ ಬೇರೆ ಅನುಮತಿ ಕೇಳಿ. ಸಣ್ಣ ಗುಂಡಿ, ಸುತ್ತ ಬ್ಯಾರಿಕೇಡ್ ಹಾಕಿದರೆ ಟ್ರಾಫಿಕ್ ನಿಲ್ಲಲ್ಲ. ರಾತ್ರಿಗೆ ಲೊಕೇಟರ್ ಇಟ್ಟುಕೊಳ್ಳಿ. ಬೀದಿದೀಪ ಹತ್ತಿರುತ್ತದಲ್ಲ, ಆವಾಗ ಆ ಕೇಬಲ್ ತಾನಾಗೇ ಕೂಗುತ್ತದೆ.

ಗುತ್ತಿಗೆದಾರರೊಬ್ಬರು: "ಇಷ್ಟೆಲ್ಲ ಮಾಡಿದ ಮೇಲೂ ತಗುಲಿತು ಅಂತ ಇಟ್ಕೊಳ್ಳಿ. ಮೊದಲು ಏನು ಮಾಡ್ಬೇಕು?"

ಕರೆಂಟ್ ಕೇಬಲ್‌ಗೆ ಜೆಸಿಬಿ ತಗುಲಿದರೆ ಆಪರೇಟರ್ ಕ್ಯಾಬಿನ್‌ನಲ್ಲೇ ಕೂರಬೇಕು. ಇಳಿಯುವಾಗ ಒಂದು ಕಾಲು ನೆಲದಲ್ಲಿ, ಒಂದು ಕೈ ಮೆಷಿನ್ ಮೇಲೆ ಇದ್ದರೆ ಕರೆಂಟು ಅವನ ಮೂಲಕ ಹೋಗುತ್ತದೆ. ಬೆಂಕಿ ಹತ್ತಿ ಇಳಿಯಲೇಬೇಕಾದರೆ ಎರಡೂ ಕಾಲು ಜೋಡಿಸಿ, ಮೆಷಿನ್ ಮುಟ್ಟದೆ ಹಾರಬೇಕು. ಕಾಲು ಜೋಡಿಸಿಕೊಂಡೇ ಕುಪ್ಪಳಿಸುತ್ತಾ ದೂರ ಹೋಗಬೇಕು. ಉಳಿದವರು ಯಾರೂ ಅವನನ್ನು ಹಿಡಿದೆಳೆಯಲು ಓಡಬಾರದು. ಒಮ್ಮೆ ಸಿಡಿದು ಸುಮ್ಮನಾಯಿತು ಅಂತ ಹತ್ತಿರ ಹೋಗಬೇಡಿ, ಸಬ್‌ಸ್ಟೇಷನ್‌ನಲ್ಲಿ ಬ್ರೇಕರ್ ಮತ್ತೆ ಹಾಕಿಬಿಡಬಹುದು. ಗ್ಯಾಸ್ ಆದರೆ ಬೇರೆ. ಇಂಜಿನ್ ಆಫ್ ಮಾಡಿ, ಗಾಳಿ ಯಾವ ಕಡೆಯಿಂದ ಬರುತ್ತಿದೆಯೋ ಆ ಕಡೆಗೆ, ಗಾಳಿಗೆ ಎದುರಾಗಿ ದೂರ ಹೋಗಿ, ಜನರನ್ನು ಆಚೆ ಕಳಿಸಿ, ಆಮೇಲೆ ಫೋನ್ ತೆಗೆಯಿರಿ. ತೂತಿಗೆ ಬಟ್ಟೆ ತುರುಕುವುದು, ಮಣ್ಣು ಮುಚ್ಚುವುದು ಬೇಡ. ಮುಚ್ಚಿದರೆ ಗ್ಯಾಸ್ ಪಕ್ಕದ ಚರಂಡಿಗೆ, ಅಲ್ಲಿಂದ ಯಾರದೋ ಮನೆಗೆ ದಾರಿ ಮಾಡಿಕೊಳ್ಳುತ್ತದೆ. ಬೆಂಕಿ ಹತ್ತಿಬಿಟ್ಟಿದ್ದರೆ ನೀವು ಆರಿಸಲು ಹೋಗಬೇಡಿ. ಒಎಫ್‌ಸಿ ತುಂಡಾದರೆ ಪ್ರಾಣಕ್ಕೆ ಅಪಾಯ ಕಮ್ಮಿ, ಆದರೆ ತುದಿಯೊಳಗೆ ಕಣ್ಣಿಟ್ಟು ನೋಡಬಾರದು. ಅದರೊಳಗಿನ ಲೇಸರ್ ಕಣ್ಣಿಗೆ ಕಾಣಲ್ಲ, ಕಣ್ಣು ಹಾಳು ಮಾಡುತ್ತದೆ.

ಬೆಸ್ಕಾಂಗೆ 1912, ಜಲಮಂಡಳಿಗೆ 1916, ಬೆಂಕಿ, ಆಂಬುಲೆನ್ಸ್, ಪೊಲೀಸ್ ಎಲ್ಲಕ್ಕೂ 112. ಗ್ಯಾಸ್ ಸಂಸ್ಥೆಯ ನಂಬರ್ ಅವರದೇ ಮಾರ್ಕರ್ ಕಲ್ಲಿನ ಮೇಲೆ ಬರೆದಿರುತ್ತದೆ, ಕೆಲಸ ಶುರು ಮಾಡುವ ಮುಂಚೆಯೇ ಹೋಗಿ ಬರೆದುಕೊಂಡು ಬನ್ನಿ. ನಾಲ್ಕನ್ನೂ ಜೆಸಿಬಿ ಕ್ಯಾಬಿನ್‌ನ ಗಾಜಿಗೆ ಕನ್ನಡದಲ್ಲೂ ಹಿಂದಿಯಲ್ಲೂ ಅಂಟಿಸಿ. ಮೇಸ್ತ್ರಿ ಫೋನ್‌ನಲ್ಲಿ ಇದ್ದರೆ ಸಾಕು ಅಂದುಕೊಳ್ಳಬೇಡಿ. ತಗುಲುವ ಹೊತ್ತಿಗೆ ಸರಿಯಾಗಿ ಮೇಸ್ತ್ರಿ ಊಟಕ್ಕೆ ಹೋಗಿರುತ್ತಾನೆ.